ಹದಿನಾಲ್ಕನೇ ತಿರುವಿನ ಸೀಟಿ

ಏಪ್ರಿಲ್ ೧೧

ಮಗಳಿಗೆ,

ಕಾಗದ ಅಂದಮೇಲೆ ಮೊದಲು ಆಶೀರ್ವಾದ ಬರೆಯಬೇಕು. ಈ ಸಲ ಬರೆದಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನಿಮ್ಮಮ್ಮ ಪಕ್ಕದಲ್ಲೇ ನಿಂತು, "ಏನೇ ಆದ್ರೂ ಮಗಳಲ್ವಾ, ಒಂದು ಸಾಲು ಹಾಕ್ಬಿಡಿ" ಅನ್ನುತ್ತಿದ್ದಾಳೆ. ಹಾಕುವುದಿಲ್ಲ.

ನಾನು ಫೋನು ಎತ್ತುತ್ತಿಲ್ಲ ಎಂದು ಅವಳ ಹತ್ತಿರ ದೂರು ಹೇಳಿದೆಯಂತೆ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಉತ್ತರ ಕೊಟ್ಟಾಗಿರುತ್ತದೆ. ದಿನವಿಡೀ ಟೂರಿಸ್ಟುಗಳ ಮುಂದೆ ಮೈಕು ಹಿಡಿದು ಅದೇ ಅಭ್ಯಾಸವಾಗಿದೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಸುಮ್ಮನಿರಲೇಬೇಕು. ಗಾರ್ಡ್ ಕೈಯಲ್ಲಿ ಕೊಡುತ್ತಿದ್ದೇನೆ, ಸಂಜೆಯೊಳಗೆ ಬೆಟ್ಟದ ಮೇಲಿನ ನಿನ್ನ ಸ್ಟೇಷನ್ ತಲುಪುತ್ತದೆ.

ಮೊನ್ನೆ ನಿನ್ನ ಗಾಜಿನ ಛಾವಣಿಯ ಗಾಡಿ ಹತ್ತುವಾಗ ನನಗೆ ಖುಷಿಯೇ ಇತ್ತು. ಸುಳ್ಳೇಕೆ ಹೇಳಲಿ. ಇದೇ ಹಳಿಯ ಮೇಲೆ ಮೂವತ್ತಮೂರು ವರ್ಷ ಸುತ್ತಿಗೆ ಹೊತ್ತು ನಡೆದ ಕೀಮ್ಯಾನ್ ನಾನು. ಸಡಿಲವಾದ ಬೋಲ್ಟು ಹುಡುಕಿ ಬಿಗಿಯುವವನಿಗೆ ನೆಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವತ್ತು ಮೊದಲ ಸಲ ತಲೆ ಎತ್ತಿ ನೋಡಿದೆ. ದೊಡ್ಡ ಸೇತುವೆಯ ಮೇಲೆ ಹೋಗುವಾಗ ಮೋಡ ನಮ್ಮ ಕೆಳಗಿತ್ತು. ಆರನೇ ಸುರಂಗ ದಾಟಿ ಹೊರಗೆ ಬಂದಾಗ ಎದುರಿನ ಬೆಟ್ಟದ ಮೇಲೆ ಬಿಸಿಲು ಬಿದ್ದಿದ್ದನ್ನು ಕಂಡು, ಇದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಇಷ್ಟು ವರ್ಷ ಕಳೆದೆನಲ್ಲಾ ಅನ್ನಿಸಿತು. ನೀನು ಮೈಕಿನಲ್ಲಿ, "ಇವರು ನಮ್ಮಪ್ಪ, ಈ ದಾರಿಯ ಒಂದೊಂದು ಬೋಲ್ಟೂ ಇವರಿಗೆ ಗೊತ್ತು" ಅಂದಾಗ ಜನ ಚಪ್ಪಾಳೆ ತಟ್ಟಿದರು. ಹೆಮ್ಮೆಯಾಯಿತು. ಎದ್ದು ಕೈ ಮುಗಿದೆ, ಪೆದ್ದನ ಹಾಗೆ.

ಆಮೇಲೆ ತಿರುವು ಎಣಿಸುತ್ತ ಕೂತೆ. ಹನ್ನೆರಡು, ಹದಿಮೂರು. ಹನ್ನೊಂದು ನಲವತ್ತಕ್ಕೆ ಹದಿನಾಲ್ಕನೇ ತಿರುವು. ಹತ್ತೊಂಬತ್ತು ವರ್ಷದಿಂದ ಬೆಳಗಿನ ಮೊದಲ ಗಾಡಿ ಅಲ್ಲಿ ಒಂದು ಉದ್ದ ಸೀಟಿ ಹೊಡೆಯದೆ ದಾಟಿದ್ದಿಲ್ಲ. ಅವತ್ತು ಸೀಟಿ ಆಗಲಿಲ್ಲ. ಬದಲಿಗೆ ನಿನ್ನ ದನಿ ಬಂತು: "ಈಗ ಒಂದು ನಿಮಿಷ ಯಾರೂ ಮಾತಾಡ್ಬೇಡಿ. ಜಲಪಾತದ ಸದ್ದು ಮಾತ್ರ ಕೇಳಿ. ನಾವು ಇದಕ್ಕೆ ಮೌನದ ನಿಮಿಷ ಅಂತೀವಿ." ನಾನು ಎದ್ದು ನಿಂತು, "ಸೀಟಿ ಯಾಕೆ ಆಗ್ಲಿಲ್ಲ?" ಅಂದೆ. ನೀನು ಏನು ಮಾಡಿದೆ, ನೆನಪಿದೆಯಾ? ತುಟಿಯ ಮೇಲೆ ಬೆರಳಿಟ್ಟು "ಶ್" ಅಂದೆ. ಅರವತ್ತು ಜನರ ಎದುರಿಗೆ, ಹೆತ್ತ ಅಪ್ಪನಿಗೆ.

ಮುಂದಿನ ನಿಲ್ದಾಣದಲ್ಲಿ ಇಳಿದು ಹಳಿ ಹಿಡಿದು ಕೆಳಗೆ ನಡೆದೆ. ಸೀಟಿ ನಿಲ್ಲಿಸಿದ್ದು ಯಾರು ಎಂದು ಮಾರನೆಯ ದಿನ ಗಾರ್ಡನ್ನು ಕೇಳಿದರೆ ಅವನು ನನ್ನ ಮುಖವನ್ನೇ ನೋಡಲಿಲ್ಲ. "ನಿಮ್ಮ ಮಗಳೇ ದೂರು ಬರೆದು ಕೊಟ್ಟಿದ್ದು" ಅಂದ.

ಆ ತಿರುವಿನ ಕೆಳಗೆ ಯಾರ ಮನೆ ಇದೆ ಎಂದು ನಿನಗೆ ಗೊತ್ತು. ನನ್ನ ಜೊತೆ ಹಳಿ ತಿರುಗುತ್ತಿದ್ದ ಗೆಳೆಯ ಸತ್ತಿದ್ದು ಅಲ್ಲೇ. ಅವನ ಹೆಂಡತಿಯನ್ನು ನಾನು ತಂಗಿ ಅಂದೆ, ನೀನು ಮಾತು ಬಂದಾಗಿನಿಂದ ಅತ್ತೆ ಅಂದೆ. ಅವಳ ಪಾಲಿನ ಸೀಟಿ ಅದು. ಒಂದು ವಾರದೊಳಗೆ ನಿನ್ನ ದೂರು ವಾಪಸ್ ತೆಗೆದುಕೊಂಡು ಸೀಟಿ ಶುರು ಮಾಡಿಸು. ಅಲ್ಲಿಯವರೆಗೆ ಈ ಮನೆಗೆ ಬರಬೇಡ.

ನಿನ್ನ ಅಪ್ಪ


ಏಪ್ರಿಲ್ ೧೯

ಅಪ್ಪಾ,

ನಾನೂ ನಮಸ್ಕಾರ ಬರೆದಿಲ್ಲ. ಸರಿಹೋಯಿತು.

ಕಾಗದದಲ್ಲಿ ನಾನು ಸುಮ್ಮನಿರಬೇಕು ಅಂದೆಯಲ್ಲ, ನಾನು ಸುಮ್ಮನಿದ್ದು ಓದಿದೆ. ನಾಲ್ಕು ಸಲ ಓದಿದೆ. ಈಗ ನಿನ್ನ ಸರದಿ.

ಆ ದಿನಕ್ಕೋಸ್ಕರ ನಾನು ಒಂದು ತಿಂಗಳು ಕಾದಿದ್ದೆ. ಕಣಿವೆ ಕಡೆಯ ಮೊದಲ ಸಾಲಿನ ಸೀಟು ನಿನಗೆ ಸಿಗಲಿ ಎಂದು ಬೇರೆಯವರ ರಜೆಯ ಪಾಳಿಯನ್ನೆಲ್ಲ ನಾನು ಮಾಡಿದೆ. ನೀನು ಚಪ್ಪಾಳೆಗೆ ಎದ್ದು ಕೈ ಮುಗಿದಾಗ ನಾನು ಹೇಳಬೇಕಾದ ಮುಂದಿನ ಸಾಲನ್ನೇ ಮರೆತೆ. ಅಂಥವನು ಒಂದು ಮಾತೂ ಹೇಳದೆ ಇಳಿದು ಹೋಗಿಬಿಟ್ಟೆ. ಅರವತ್ತೇಳು ವರ್ಷದ ಮನುಷ್ಯ ಎಲ್ಲಿ ಹೋದ ಎಂದು ಗಾಡಿ ಇಪ್ಪತ್ತೆರಡು ನಿಮಿಷ ನಿಂತಿತು. ಶೌಚಾಲಯದ ಬಾಗಿಲೆಲ್ಲ ಬಡಿದೆವು. ಒಬ್ಬಾಕೆ ಹತ್ತಿರ ಬಂದು ಮೆಲ್ಲಗೆ, "ನಿಮ್ಮಪ್ಪಂಗೆ ಮರೆವಿನ ಕಾಯಿಲೆನಾ?" ಅಂದಳು. ನನಗೆ ನೋಟಿಸು ಬಂದಿದೆ. ಅದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ, ನಿನ್ನ ಕಾಗದ ನೋಡಿದ ಮೇಲೆ ಹೇಳುತ್ತಿದ್ದೇನೆ.

"ಶ್" ಅಂದಿದ್ದು ತಪ್ಪು. ಒಪ್ಪಿದೆ. ಸೀಟಿಯ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ಆ ತಿರುವಿನಲ್ಲಿ ಸೀಟಿ ಹೊಡೆಯಬೇಕು ಎಂಬ ಫಲಕ ಇಲ್ಲ. ನಿಯಮದ ಪುಸ್ತಕದಲ್ಲೂ ಇಲ್ಲ. ಮಂಜಿದ್ದರೆ ಎಲ್ಲ ತಿರುವಿನಲ್ಲೂ ಹೊಡೆಯಬೇಕು, ಆಕಾಶ ಸ್ವಚ್ಛವಾಗಿದ್ದರೆ ಅಲ್ಲಿ ಬೇಕಾಗಿಯೇ ಇಲ್ಲ. ದಿನಾ ನನ್ನ ಮಾತಿನ ನಡುವೆ ಆ ಸೀಟಿ ಕಿವಿ ಸೀಳುತ್ತಿತ್ತು. ಮಕ್ಕಳು ಬೆಚ್ಚಿಬಿದ್ದು ಅಳುತ್ತಿದ್ದವು. ಚಳಿಗಾಲದಲ್ಲಿ ಒಬ್ಬ ಅಜ್ಜ ಎದೆ ಹಿಡಿದುಕೊಂಡು ಬಿಟ್ಟರು. ಮೂವರು ಡ್ರೈವರ್‌ಗಳನ್ನು ಕೇಳಿದೆ. ಮೂವರೂ ಹೇಳಿದ್ದು ಒಂದೇ: "ರೂಢಿ ಮೇಡಂ, ಮೊದಲಿಂದ ಹಂಗೇ ಇದೆ."

ನಿನ್ನನ್ನೂ ಕೇಳಿದ್ದೆ ಅಪ್ಪಾ. ಜನವರಿಯಲ್ಲಿ ಮನೆಗೆ ಬಂದಾಗ, ಊಟಕ್ಕೆ ಕೂತಿದ್ದೆವು. "ಹದಿನಾಲ್ಕನೇ ತಿರುವಲ್ಲಿ ಯಾಕಪ್ಪಾ ಸೀಟಿ ಹೊಡೀತಾರೆ?" ಅಂತ ಬಾಯಿಬಿಟ್ಟು ಕೇಳಿದೆ. ನೀನು ನೀರು ಕುಡಿದು ಲೋಟ ಕೆಳಗಿಟ್ಟು, "ಡ್ರೈವರ್‌ಗಳ ಇಷ್ಟ" ಅಂದೆ. ಅಮ್ಮ ಸಾಕ್ಷಿ. ಅವತ್ತೇ ಹೇಳಿದ್ದರೆ ನಾನು ದೂರು ಬರೆಯುತ್ತಿದ್ದೆನೇ? ಫೆಬ್ರವರಿಯಲ್ಲಿ ಬರೆದೆ, ವಾರದಲ್ಲಿ ಸೀಟಿ ನಿಂತಿತು. ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತು, ಈಗ ಬಂದು ನನ್ನ ಮೇಲೆ ಹರಿಹಾಯುತ್ತೀಯ.

ಅತ್ತೆಗಾಗಿ ಅನ್ನುತ್ತೀಯ. ಹೇಗೆ ಅತ್ತೆಗಾಗಿ? ಆಗ ನನಗೆ ಹತ್ತು ವರ್ಷ. ಮಾವ ಗಾಡಿಗೆ ಸಿಕ್ಕಿ ಸತ್ತರು ಎಂದಷ್ಟೇ ಗೊತ್ತು. ಪೂರ್ತಿ ಹೇಳು. ನಿನ್ನ ಮಾತು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ.

ಬರಬೇಡ ಅಂದ ಮನೆಯ ಮಗಳು


ಏಪ್ರಿಲ್ ೨೬

ಮಗಳಿಗೆ,

ಜನವರಿಯ ಊಟದ ಮಾತು ನಿಮ್ಮಮ್ಮನಿಗೂ ನೆನಪಿದೆ. ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಾಳೆ. ನಿನಗೆ ಸಮಾಧಾನವಾಗಲಿ ಎಂದು ತಿಳಿಸಿದ್ದೇನೆ.

ಪೂರ್ತಿ ಹೇಳು ಅಂದೆ. ಕೇಳು.

ನಿನ್ನ ಮಾವನಷ್ಟು ಚುರುಕು ಕಿವಿ ಈ ಮಾರ್ಗದಲ್ಲಿ ಯಾರಿಗೂ ಇರಲಿಲ್ಲ. ಹಳಿಯ ಮೇಲೆ ಅಂಗೈ ಇಟ್ಟು, ಕಿವಿ ಬಗ್ಗಿಸಿ, "ಎರಡು ಸುರಂಗದ ಆಚೆ ಇದೆ, ಭರ್ತಿ ಗಾಡಿ" ಅನ್ನುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಅವತ್ತು ಮೂರನೆಯವನು ರಜೆ ಹಾಕಿದ್ದ, ಕೆಲಸಕ್ಕೆ ನಾವಿಬ್ಬರೇ. ಕಣ್ಣೆದುರಿನ ಕೈ ಕಾಣದಂಥ ಮಂಜು. ವೇಳಾಪಟ್ಟಿಯ ಪ್ರಕಾರ ಇನ್ನೊಂದು ಗಂಟೆ ಯಾವ ಗಾಡಿಯೂ ಇಲ್ಲ. ಅವನು ಹದಿನಾಲ್ಕನೇ ತಿರುವಿನಲ್ಲಿ ಬಗ್ಗಿ ಬೋಲ್ಟು ಬಿಗಿಯುತ್ತಿದ್ದ. ನಾನು ಹತ್ತು ಹೆಜ್ಜೆ ಆಚೆ ಬಾಟಲಿಗೆ ನೀರು ಹಿಡಿಯುತ್ತಿದ್ದೆ. ಮೇಲಿನಿಂದ ಒಂಟಿ ಇಂಜಿನ್ ಒಂದು ಹೇಳದೆ ಕೇಳದೆ ಇಳಿದು ಬಂತು. ಇಳಿಜಾರಿನಲ್ಲಿ ಇಂಜಿನ್ ಸದ್ದು ಮಾಡುವುದಿಲ್ಲ, ಇದ್ದ ಸದ್ದನ್ನೂ ಜಲಪಾತ ನುಂಗಿತು. ಮಂಜಿನೊಳಗಿಂದ ಅದು ಹೊರಗೆ ಬಂದಿದ್ದನ್ನು ನಾನು ನೋಡಿದೆನೇ ಹೊರತು ಅದಕ್ಕೂ ಮೊದಲು ನನಗೆ ಏನೇನೂ ಕೇಳಿಸಿರಲಿಲ್ಲ. ಕೂಗುವಷ್ಟು ಹೊತ್ತೂ ಸಿಗಲಿಲ್ಲ.

ಆ ಇಂಜಿನ್ ನಡೆಸುತ್ತಿದ್ದವನು ನಾವೆಲ್ಲ ದಪ್ಪಣ್ಣ ಎಂದು ಕರೆಯುತ್ತಿದ್ದ ಡ್ರೈವರ್. ಮಾರನೆಯ ತಿಂಗಳಿಂದ ಅವನೇ ಆ ಸೀಟಿ ಶುರು ಮಾಡಿದ. ಹೊಸ ಡ್ರೈವರ್ ಬಂದಾಗಲೆಲ್ಲ ಹೇಳಿಕೊಟ್ಟ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನ್ನ ಕೈ ಹಿಡಿದು, "ಸೀಟಿ ನಿಲ್ದಂಗೆ ನೋಡ್ಕೋ" ಅಂದ. ನಿನ್ನ ಅತ್ತೆಗೆ ಗಂಡನ ನೆನಪು ಅಂತ ಉಳಿದಿರುವುದು ಅದೊಂದೇ. ಅಂಗಳದಲ್ಲಿ ಬಟ್ಟೆ ಒಗೆಯುತ್ತ ದಿನಾ ಅದಕ್ಕಾಗಿ ಕಾಯುತ್ತಾಳೆ. ಅದನ್ನು ನೀನು ನಿನ್ನ ಟೂರಿಸ್ಟುಗಳ ಒಂದು ನಿಮಿಷಕ್ಕಾಗಿ ಕಿತ್ತುಕೊಂಡೆ.

ಈಗ ಗೊತ್ತಾಯಿತಲ್ಲ. ಬರೆದು ಕೊಡು.

ಅಪ್ಪ


ಮೇ ೨೩

ಅಪ್ಪಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಮಾರನೆಯ ದಿನವೇ ಸೀಟಿ ಮತ್ತೆ ಬೇಕು ಎಂದು ಅರ್ಜಿ ಕೊಟ್ಟೆ. ನಿನಗೆ ತಕ್ಷಣ ತಿಳಿಸಲಿಲ್ಲ, ಕೆಲಸ ಆದಮೇಲೆ ಹೇಳೋಣ, ನೀನು ಖುಷಿಪಡುತ್ತೀಯ ಅಂದುಕೊಂಡೆ.

ಅರ್ಜಿಗೆ ಕಾರಣ ತೋರಿಸಿ ಅಂದರು. ಹಳೆಯ ಅಪಘಾತ ಎಂದು ಬರೆದೆ. ಅದರ ದಾಖಲೆ ಜೊತೆಗಿರಲಿ ಅಂದರು. ಮೂರು ವಾರ ಅಲೆದ ಮೇಲೆ ಕಡತಗಳ ಕೋಣೆಯ ಗುಮಾಸ್ತರು ಕಪಾಟಿನ ಹಿಂದಿನಿಂದ ಒಂದು ಕಟ್ಟು ಎಳೆದರು. ಸೀನುತ್ತ ಸೀನುತ್ತ ದಾರ ಬಿಚ್ಚಿ, "ಇಲ್ಲೇ ಕೂತು ಓದ್ಕೊಳ್ಳಿ, ಹೊರಗೆ ಕೊಡೋ ಹಾಗಿಲ್ಲ" ಅಂದರು. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಓದಿದೆ.

ವಿಚಾರಣೆಯ ತೀರ್ಮಾನ ಹೀಗಿದೆ: ಡ್ರೈವರ್ ನಿಯಮದಂತೆ ತಿರುವಿಗೆ ಮೊದಲೇ ಸೀಟಿ ಹೊಡೆದಿದ್ದಾನೆ. ಕೆಲಸಗಾರ ಗಮನ ಕೊಟ್ಟಿಲ್ಲ. ಸಾವು ಅವನ ಅಜಾಗರೂಕತೆಯಿಂದಲೇ ಆಗಿದೆ. ಇದಕ್ಕೆ ಆಧಾರ ಒಬ್ಬನೇ ಒಬ್ಬ ಸಾಕ್ಷಿ. "ಸೀಟಿ ನನಗೆ ಸ್ಪಷ್ಟವಾಗಿ ಕೇಳಿಸಿತು." ಅದರ ಕೆಳಗಿನ ರುಜು ನಿನ್ನದು. ನನ್ನ ಶಾಲೆಯ ಅಂಕಪಟ್ಟಿಯ ಮೇಲೆ ಹತ್ತು ವರ್ಷ ನೋಡಿದ ರುಜು, ಕೊನೆಯ ಅಕ್ಷರದ ಬಾಲ ಎಳೆದಿರುವುದೂ ಹಾಗೇ.

ನಿನ್ನ ಏಪ್ರಿಲ್ ಕಾಗದ ನನ್ನ ಚೀಲದಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. "ನನಗೆ ಏನೇನೂ ಕೇಳಿಸಿರಲಿಲ್ಲ" ಎಂದು ನನಗೆ ಬರೆದಿದ್ದೀಯ.

ನನಗೆ ಮೈ ಉರಿಯುತ್ತಿದೆ ಅಪ್ಪಾ. ನಾನು ಚಿಕ್ಕವಳಿದ್ದಾಗ ಕಾಲೊನಿಯಲ್ಲಿ ಎಲ್ಲರೂ ಮಾವನನ್ನು "ಆ ಕಿವುಡ" ಅನ್ನುತ್ತಿದ್ದರು. ಅಂಗಡಿಯಲ್ಲಿ ಅತ್ತೆ ಬಂದರೆ "ಕಿವುಡನ ಹೆಂಡತಿಗೆ ದಾರಿ ಬಿಡಿ" ಅನ್ನುತ್ತಿದ್ದರು. ಮಾವನಿಗೆ ಕೊನೆಕೊನೆಗೆ ನಿಜವಾಗಿಯೂ ಕಿವಿ ಮಂದವಾಗಿತ್ತು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಅವರಷ್ಟು ಚುರುಕು ಕಿವಿ ಯಾರಿಗೂ ಇರಲಿಲ್ಲ ಎಂದು ನೀನು ಹೇಳಿದ್ದು ಈಗ, ನಿನಗೆ ಸೀಟಿ ಬೇಕಾದಾಗ. ಸತ್ತವರ ತಲೆಯ ಮೇಲೆ ಗೂಬೆ ಕೂರಿಸಿ, ಅವರ ಮನೆಗೇ ಹೋಗಿ ಚಹಾ ಕುಡಿದು ಬರುತ್ತಿದ್ದೆಯಲ್ಲ!

ಒಂದೇ ಪ್ರಶ್ನೆ. ಸೀಟಿ ಕೇಳಿಸಿತ್ತೋ, ಇಲ್ಲವೋ?

ಇಷ್ಟೇ.


ಜೂನ್ ೨೯

ಮಗಳಿಗೆ,

ಇಲ್ಲ.

ಈ ಎರಡಕ್ಷರ ಬರೆಯಲು ಐದು ವಾರ ಬೇಕಾಯಿತು. ಬರೆದಿದ್ದನ್ನೆಲ್ಲ ಹರಿದು ಹಾಕಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಕಡತ ತೆಗೆಯಲು ನಿನಗೆ ಯಾರು ಹೇಳಿದರು ಎಂದು ಒಂದು ಇಡೀ ಪುಟ ಬೈದೆ. ಆಮೇಲೆ ದಪ್ಪಣ್ಣನ ಮೇಲೆ ಬಂತು, ಅವನು ಸತ್ತು ತಪ್ಪಿಸಿಕೊಂಡ. ಆಗಿನ ಇಂಜಿನಿಯರ್ ಸಾಹೇಬರ ಮೇಲೂ ಬಂತು. ಬೈಯಲು ಇನ್ನು ಯಾರೂ ಉಳಿಯದೆ ಇದ್ದಾಗ ಈ ಕಾಗದಕ್ಕೆ ಕೂತೆ.

ದಪ್ಪಣ್ಣ ಮನೆಗೆ ಬಂದು ನನ್ನ ಕಾಲು ಹಿಡಿದ. ಅವನ ಮನೆಯಲ್ಲಿ ನಾಲ್ಕು ಮಕ್ಕಳು. "ಕೈ ಸೀಟಿ ಮೇಲೇ ಇತ್ತು, ಯಾಕೆ ಎಳೀಲಿಲ್ವೋ ಗೊತ್ತಿಲ್ಲ" ಎಂದು ಗೋಡೆಗೆ ತಲೆ ಚಚ್ಚಿಕೊಂಡ. ಸಾಹೇಬರು ಸಾಲು ಬರೆದಿಟ್ಟೇ ನನ್ನನ್ನು ಕರೆದಿದ್ದರು. "ಹೋದವನು ವಾಪಸ್ ಬರ್ತಾನಾ? ಇರೋನ ಅನ್ನ ಯಾಕೆ ಕಿತ್ಕೋತೀಯ? ನಾಳೆ ನೀನೂ ಇಲ್ಲೇ ಕೆಲಸ ಮಾಡಬೇಕು" ಅಂದರು. ಕೊನೆಯ ಮಾತು ಯಾಕೆ ಹೇಳಿದರು ಎಂದು ನನಗೆ ಅರ್ಥವಾಯಿತು. ಕನಿಕರದಿಂದ ರುಜು ಹಾಕಿದೆ ಎಂದು ಹತ್ತೊಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ಕನಿಕರ. ಇನ್ನರ್ಧ ಹೆದರಿಕೆ. ಯಾವ ಅರ್ಧ ದೊಡ್ಡದು ಎಂದು ಕೇಳಬೇಡ.

ಜನ ಅವನನ್ನು ಕಿವುಡ ಅನ್ನುವಾಗ ನಾನು ಅಲ್ಲೇ ಇರುತ್ತಿದ್ದೆ. ಒಂದು ಸಲವೂ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ, "ಹಾಗಾದ್ರೆ ನೀನು ಹೇಳಿದ್ದೇನು?" ಎಂದು ಕೇಳುತ್ತಿದ್ದರು.

ಆ ಸೀಟಿ ನಾನು ಮತ್ತು ದಪ್ಪಣ್ಣ ಸೇರಿ ಮಾಡಿಕೊಂಡ ಏರ್ಪಾಡು. ಅವತ್ತು ಹೊಡೆಯದ ಸೀಟಿಯನ್ನು ದಿನಾ ಹೊಡೆಯುವುದು. ಕೆಲಸದಲ್ಲಿದ್ದಾಗ ಅದು ಕೇಳಿದ ದಿನ ನನಗೆ ಅನ್ನ ಇಳಿಯುತ್ತಿತ್ತು, ನಿವೃತ್ತನಾದ ಮೇಲೆ ದಿನಾ ಹೊಡೆಯುತ್ತಿದ್ದಾರೆ ಎಂಬ ನಂಬಿಕೆಯೇ ಸಾಕಿತ್ತು. ನಿನ್ನ ಗಾಡಿಯಲ್ಲಿ ಅದು ಕೇಳದೆ ಹೋದಾಗ ಆ ದಿನವೇ ಮತ್ತೆ ಬಂದಂತಾಯಿತು. ಅದಕ್ಕೇ ಇಳಿದು ಹೋದೆ. ನಿನ್ನ "ಶ್" ಒಂದು ನೆಪ.

ಅತ್ತೆಗೆ ಮಾತ್ರ ಹೇಳಬೇಡ. ಅವಳು ನನ್ನನ್ನು ಅಣ್ಣ ಅನ್ನುತ್ತಾಳೆ.

ಅಪ್ಪ


ಜುಲೈ ೨

ಅಪ್ಪಾ,

ಓದಿದೆ. ನಾನು ಹೇಳುವುದಿಲ್ಲ. ಹೇಳಬೇಕಾದವನು ನೀನು.

ಆದರೆ ಸೀಟಿ ಯಾರಿಗಾಗಿ ಎಂದು ನಾವಿಬ್ಬರೇ ಕಿತ್ತಾಡಿದೆವು. ಅತ್ತೆಯನ್ನು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟನ್ನು ಮಾತ್ರ ಕೇಳುತ್ತಿದ್ದೇನೆ.

ಮಗಳು


ಜುಲೈ ೧೪

ಅಣ್ಣನವರಿಗೆ,

ನಿಮ್ಮ ಮಗಳ ಗಾಡಿಯ ಸೀಟುಗಳಿಗೆ ಹಾಕುವ ಬಿಳಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವವಳು ನಾನೇ ಎಂದು ನಿಮಗೆ ಗೊತ್ತು. ಹೋದ ವಾರದ ಗಂಟಿನಲ್ಲಿ ಅವಳ ಚೀಟಿ ಇತ್ತು. "ಅತ್ತೆ, ಸೀಟಿ ನಿಲ್ಲಿಸಿದ್ದು ನಾನು. ಅಪ್ಪನೂ ದಪ್ಪಣ್ಣನೂ ಅದನ್ನು ನಿಮಗಾಗಿ ಹೊಡೆಸುತ್ತಿದ್ದರಂತೆ. ತಪ್ಪಾಗಿದ್ದರೆ ಕ್ಷಮಿಸಿ. ಮತ್ತೆ ಶುರು ಮಾಡಿಸಲಾ?" ಎಂದು ಬರೆದಿದ್ದಳು. ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ. ಅವಳಿಗೂ ತೋರಿಸಿ.

ಬೇಡ.

ಫೆಬ್ರವರಿಯಲ್ಲಿ ಒಂದು ದಿನ ಗಾಡಿ ಸೀಟಿ ಹೊಡೆಯದೆ ಹೋಯಿತು. ನಾನು ಹಿಂಡುತ್ತಿದ್ದ ಬಟ್ಟೆ ಹಿಡಿದು ಹಾಗೇ ನಿಂತೆ. ಮಾರನೆಯ ದಿನವೂ ಇಲ್ಲ. ಒಂದು ವಾರ ಕಳೆದ ಮೇಲೆ ಹನ್ನೊಂದೂವರೆಗೆ ಗಡಿಯಾರ ನೋಡುವುದನ್ನು ಬಿಟ್ಟೆ. ಹತ್ತೊಂಬತ್ತು ವರ್ಷ ಆ ಜಲಪಾತದ ಪಕ್ಕದಲ್ಲೇ ಇದ್ದು ಅದರ ಸದ್ದನ್ನು ಕಿವಿಗೊಟ್ಟು ಕೇಳಿದ್ದು ಆಗಲೇ.

ನನಗಾಗಿ ಹೊಡೆಸುತ್ತಿದ್ದಿರಂತೆ! ನಾನು ಯಾವತ್ತು ಕೇಳಿದ್ದೆ? ಅದು ದಿನಾ ನನ್ನ ಅಂಗಳಕ್ಕೆ ಬಂದು, ನೋಡು, ಇಷ್ಟು ಜೋರಾಗಿ ಹೊಡೀತೀವಿ, ಇದು ನಿನ್ನ ಗಂಡನಿಗೆ ಕೇಳಲಿಲ್ಲ ಎಂದು ಹೇಳಿ ಹೋಗುತ್ತಿತ್ತು. ನೀವೂ ದಪ್ಪಣ್ಣನೂ ನಿಮ್ಮ ಹೊಟ್ಟೆಯ ಉರಿ ಆರಿಸಿಕೊಳ್ಳಲು ನನ್ನ ತಲೆಯ ಮೇಲೆ ಸುರಿದಿರಿ.

ನನಗೆ ಗೊತ್ತಿಲ್ಲ ಅಂದುಕೊಂಡಿದ್ದಿರಾ? ಆ ದಿನ ನಾನು ಅಂಗಳದಲ್ಲೇ ಬಟ್ಟೆ ಒಗೆಯುತ್ತಿದ್ದೆ. ತಿರುವಿಗೂ ನನ್ನ ಒಗೆಯುವ ಕಲ್ಲಿಗೂ ನೂರು ಹೆಜ್ಜೆ. ಸೀಟಿ ಆಗಿದ್ದರೆ ನನಗೆ ಕೇಳುತ್ತಿರಲಿಲ್ಲವೇ? ವಿಚಾರಣೆಗೆ ಹೋಗಿ ಬಾಗಿಲಲ್ಲಿ ನಿಂತೆ. "ಹೆಂಡತಿ ಮಾತು ಸಾಕ್ಷಿಗೆ ಬರಲ್ಲಮ್ಮ" ಎಂದು ಕಳಿಸಿದರು. ಆಮೇಲೆ ಸಾಹೇಬರೇ ವರದಿ ಓದಿ ಹೇಳಿದರು. "ಜೊತೆಯಲ್ಲಿದ್ದವನೇ ಕೇಳಿದ್ದಾನೆ, ಇನ್ನೇನು?" ಅಂದರು. ಜೊತೆಯಲ್ಲಿದ್ದವರು ನೀವೊಬ್ಬರೇ.

ನೀವು ಬಂದಾಗಲೆಲ್ಲ ಚಹಾ ಮಾಡಿ ಕೊಟ್ಟೆ. ಪ್ರತಿ ಸಲವೂ ಲೋಟ ಕೈಗೆ ಕೊಡುವಾಗ, ಇವತ್ತು ಹೇಳುತ್ತಾರೆ ಅಂದುಕೊಳ್ಳುತ್ತಿದ್ದೆ. ನೀವು ಹವಾಮಾನ ಕೇಳಿ, ಛಾವಣಿ ಸೋರುತ್ತಿದೆಯಾ ಎಂದು ಕೇಳಿ, ಎದ್ದು ಹೋಗುತ್ತಿದ್ದಿರಿ. ಹತ್ತೊಂಬತ್ತು ವರ್ಷ ಕಾದೆ ಅಣ್ಣ. ಕಾದಿದ್ದು ಸೀಟಿಗಲ್ಲ.

ನನಗೆ ಒಂದು ಸಾಲು ಸಾಕು. ಕಾಗದದ ಮೇಲೆ, ನಿಮ್ಮ ಕೈಬರಹದಲ್ಲಿ, ಆ ಕಡತದೊಳಗೆ ಇರಬೇಕು. ಅದು ಆಗುವ ತನಕ ಚಹಾಕ್ಕೆ ಬರಬೇಡಿ. ನಿಮಗೆ ಲೋಟ ಕೊಟ್ಟು ಕೊಟ್ಟು ಸಾಕಾಗಿದೆ.

ಚುರುಕು ಕಿವಿಯವನ ಹೆಂಡತಿ


ಜುಲೈ ೧೬

ವಿಭಾಗದ ಕಚೇರಿಗೆ,

ವಿಷಯ: ಹತ್ತೊಂಬತ್ತು ವರ್ಷಗಳ ಹಿಂದಿನ ನನ್ನ ಹೇಳಿಕೆ ಸುಳ್ಳು ಎಂಬ ಬಗ್ಗೆ

ನಾನು ಈ ಮಾರ್ಗದ ನಿವೃತ್ತ ಕೀಮ್ಯಾನ್. ಹದಿನಾಲ್ಕನೇ ತಿರುವಿನ ಅಪಘಾತದ ಕಡತದಲ್ಲಿ ಸಾಕ್ಷಿಯ ಜಾಗದಲ್ಲಿರುವ ರುಜು ನನ್ನದು. ಅದರ ಮೇಲಿನ ಸಾಲನ್ನು ಬರೆದವರು ಬೇರೆ. ರುಜು ಹಾಕಿದವನು ನಾನೇ, ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ಆ ದಿನ ಡ್ರೈವರ್ ಸೀಟಿ ಹೊಡೆಯಲಿಲ್ಲ. ನನ್ನ ಜೊತೆಗಾರ ಅಜಾಗರೂಕನಾಗಿರಲಿಲ್ಲ. ಇದಕ್ಕೆ ನನಗೆ ಏನು ಶಿಕ್ಷೆ ಕೊಡುವುದಿದ್ದರೂ ಕೊಡಿ. ಈ ಕಾಗದವನ್ನು ಅದೇ ಕಡತದಲ್ಲಿ, ಅದೇ ಹಾಳೆಯ ಮೇಲೆ ಅಂಟಿಸಬೇಕು. ಹಿಂದೆ ಹಾಕಿದರೆ ಯಾರೂ ಓದುವುದಿಲ್ಲ.

ಆ ತಿರುವಿನಲ್ಲಿ ಸೀಟಿ ಮತ್ತೆ ಶುರು ಮಾಡಬೇಕೆಂದು ನನ್ನ ಮಗಳು ಕೊಟ್ಟಿರುವ ಅರ್ಜಿಯನ್ನು ಕೈಬಿಡಬೇಕು. ಇದು ಅವಳೂ ಒಪ್ಪಿದ ಮಾತು.

ಅವತ್ತು ನನ್ನ ಕಿವಿ ಚೆನ್ನಾಗಿಯೇ ಇತ್ತು. ಅವನದೂ ಚೆನ್ನಾಗಿತ್ತು.

ನಿವೃತ್ತ ಕೀಮ್ಯಾನ್

ಪ್ರತಿ: ಹದಿನಾಲ್ಕನೇ ತಿರುವಿನ ಮನೆಗೆ, ಖುದ್ದಾಗಿ